ಬಡಿಗೇರ ಸರ್ ಅವರ ಬಣ್ಣದ ಬಳಗ

ಬಡಿಗೇರ ಸರ್ ಕಂಪ್ಯೂಟರ್ ನೋಡುತ್ತಿದ್ದುದು ಕೋಳಿ ಕಾಳು ನೋಡುವ ಹಾಗೆ. ಪರದೆ ಎದುರಿಗಿದ್ದರೆ ಮುಖ ಕಿಟಕಿಯ ಕಡೆಗೆ. ಕತ್ತು ಓರೆ, ಗದ್ದ ಮೇಲೆ, ಕಣ್ಣಿನ ಅಂಚಿನಿಂದ ಅಕ್ಷರಗಳನ್ನು ಕುಕ್ಕಿ ಕುಕ್ಕಿ ಆರಿಸಿಕೊಳ್ಳುವರು. ವಿಶಾಖಪಟ್ಟಣದ ನಮ್ಮ ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಸೇರಿದ ವಾರದಲ್ಲೇ ನಾನು ಅದನ್ನು ಕಲಿತುಬಿಟ್ಟೆ. ಕಲಿಯಬೇಕಾಗಿದ್ದ ಕೆಲಸ ಮಾತ್ರ ಹಾಗೇ ಉಳಿಯಿತು. ಮಿಮಿಕ್ರಿ ನನ್ನ ಚಟ. ದೊಡ್ಡ ಸಾಹೇಬರ ಕೆಮ್ಮು, ಕ್ಯಾಂಟೀನಿನವನ ತೆಲುಗು, ತುಮಕೂರಿನಿಂದ ಫೋನು ಮಾಡಿ ಊಟದ ವಿಚಾರಣೆ ನಡೆಸುವ ನಮ್ಮಮ್ಮ, ಹುಡುಗಿಯರ ಮುಂದೆ ಬೆವರುವ ನಾನೇ, ಯಾರನ್ನೂ ಬಿಟ್ಟವನಲ್ಲ.

ಒಂದು ದಿನ ಚಹಾದ ಹೊತ್ತಿನಲ್ಲಿ ಕೋಳಿ ಕತ್ತು ಮಾಡಿ ಎಲ್ಲರನ್ನೂ ನಗಿಸುತ್ತಿದ್ದೆ. ಹಿಂದಿನಿಂದ ಗದಗಿನ ಗಡಸು ದನಿ ಬಂತು.

"ಯಾರಲೇ ಅಂವ, ನನ್ನ ಮಾರಿ ಹೊತಗೊಂಡು ಅಡ್ಡಾಡಾಂವ?"

ನಗು ನಿಂತಿತು. ಸರ್ ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. "ಮಾಡು ಮತ್ತ. ನನಗೂ ತೋರ್ಸು."

ಮಾಡಿದೆ. ನಾನು ಓರೆಯಾಗಿ ಅವರನ್ನು, ಅವರು ಓರೆಯಾಗಿ ನನ್ನನ್ನು ನೋಡುತ್ತ ಕೂತೆವು, ಒಂದೇ ಗೂಡಿನ ಎರಡು ಕೋಳಿಗಳ ಹಾಗೆ. ಅವರು ತೀರ್ಪು ಕೊಟ್ಟರು: "ಕತ್ತು ಇನ್ನೊಂಚೂರು ತಿರಗಬೇಕಲೇ ತಮ್ಮಾ. ನನ್ನ ಕಣ್ಣು ನಿನ್ನಷ್ಟು ಚಲೋ ಇಲ್ಲ." ಅಲ್ಲಿಂದ ಮುಂದೆ ಬೇಸರವಾದಾಗಲೆಲ್ಲ, "ಬಾರಲೇ, ಬಡಿಗೇರನ್ನ ಮಾಡು" ಎಂದು ಅವರೇ ಕರೆಯುತ್ತಿದ್ದರು.

ಕಣ್ಣಿನ ಮಾತು ತಮಾಷೆಯದಲ್ಲ ಎಂದು ನನಗೊಬ್ಬನಿಗೇ ಹೇಳಿದರು. ಕಣ್ಣಿನ ಪರದೆಯ ನಡುಭಾಗ ಸವೆಯುತ್ತಿದೆ, ಕನ್ನಡಕದಿಂದ ಆಗುವಂಥದ್ದಲ್ಲ ಎಂದಿದ್ದರಂತೆ ಡಾಕ್ಟರು. "ಎದುರಿಗಿದ್ದದ್ದು ಕಾಣಂಗಿಲ್ಲ. ಬಾಜೂಕಿದ್ದದ್ದು ಕಾಣ್ತೈತಿ. ಅದಕ್ಕ ಎದುರಿಂದನ್ನ ಬಾಜೂಕ ಮಾಡ್ಕೊಂಡು ನೋಡ್ತೀನಿ." ಆಫೀಸಿಗೆ ಗೊತ್ತಾದರೆ ವೈದ್ಯಕೀಯ ಪರೀಕ್ಷೆ, ಆಮೇಲೆ ಮನೆ. ಅವರಿಗೆ ಮನೆಯೆಂದರೆ ಭಯ. "ಈ ಕುರ್ಚಿ ಮ್ಯಾಲಿದ್ರ ನಾ ಬಡಿಗೇರ ಸಾಹೇಬ. ಮನ್ಯಾಗ ಕುಂತ್ರ ಕಣ್ಣು ಹ್ವಾದ ಮುದುಕ. ಅಷ್ಟ ಫರಕು."

ಆ ಕುರ್ಚಿಯನ್ನು ಹಿಡಿದಿಟ್ಟಿದ್ದು ಒಂದು ಪುಟ್ಟ ಪ್ರೋಗ್ರಾಂ. ನಮ್ಮ ಮಾಲಿನ ಗೋದಾಮುಗಳು ಬೇರೆ ಬೇರೆ ಊರಲ್ಲಿದ್ದವು. ಅಲ್ಲಿನ ಕಂಪ್ಯೂಟರುಗಳಿಗೆ ಇಲ್ಲಿಂದಲೇ ಲಾಗಿನ್ ಆಗಿ ರಿಪೇರಿ ಮಾಡುವುದು ನಮ್ಮ ಕೆಲಸ. ಪ್ರೋಗ್ರಾಂ ತೆರೆದರೆ ಒಂದೊಂದು ಊರಿಗೆ ಒಂದೊಂದು ಕಪ್ಪು ಕಿಟಕಿ. ನಾವು ಊರಿನ ಹೆಸರನ್ನೇ ಕೊಟ್ಟು ಉಳಿಸಿಕೊಂಡಿದ್ದೆವು. ಸರ್ ಬಳಗದ ಹೆಸರು ಕೊಟ್ಟಿದ್ದರು. ನಿಧಾನದ ಅನಕಾಪಲ್ಲಿ 'ದೊಡ್ಡವ್ವ', ಅಕ್ಷರಕ್ಕೆ ಆ ಊರಿನ ಬೆಲ್ಲದ ಬಣ್ಣ. ಮಂಗಳಗಿರಿ 'ಸಣ್ಣತ್ತಿ', ಅಲ್ಲಿ ನೇಯುವ ಸೀರೆಯಂಥ ಹಸಿರು. ಮಾತುಮಾತಿಗೆ ಕೈಕೊಡುತ್ತಿದ್ದ ವಿಜಯವಾಡದ ಆಟೋನಗರ 'ಮಾವ', ಕೆಂಪು. "ಮಾವ ಸಿಟ್ಟಾಗ್ಯಾನ, ಮಾತಾಡ್ಸಿ ಬರ್ತೀನಿ" ಎಂದು ಕೀಲಿಮಣೆಗೆ ಕೈ ಹಾಕುವರು. ಹೆಸರು ಓದಲಾಗದಿದ್ದರೂ ಬಣ್ಣ ನೋಡಿ ಯಾವ ಊರಲ್ಲಿದ್ದೇನೆಂದು ತಿಳಿಯುತ್ತಿತ್ತು. ಕಣ್ಣು ಇನ್ನಷ್ಟು ಮಂದವಾದಾಗಲೆಲ್ಲ ಅಕ್ಷರವನ್ನು ಸ್ವಲ್ಪ ದಪ್ಪ ಮಾಡಿ, ಬಣ್ಣವನ್ನು ಸ್ವಲ್ಪ ಗಾಢ ಮಾಡಿ, ವರ್ಷಗಟ್ಟಲೆ ಕೂತು ಹೊಂದಿಸಿಕೊಂಡಿದ್ದ ಸಂಸಾರ ಅದು.

ಆಗ ಅವರಿಗೆ ವಿಜಯವಾಡದ ಆಫೀಸಿಗೆ ವರ್ಗವಾಯಿತು. ಬೇಡವೆನ್ನಲು ಕಾರಣ ಹೇಳಬೇಕು, ಕಾರಣ ಹೇಳಿದರೆ ಕಣ್ಣು ಹೇಳಬೇಕು. ಒಪ್ಪಿಕೊಂಡರು. ಹೊರಡುವ ಮುನ್ನ ಪ್ರೋಗ್ರಾಮನ್ನು ಫ್ಲಾಪಿಗೆ ಹಾಕಿಸಿಕೊಂಡು, ಮನೆಗೊಯ್ದು ದೇವರ ಮುಂದಿಟ್ಟು, ಮೇಲಿನ ಚೀಟಿಗೆ ಕುಂಕುಮ ಹಚ್ಚಿ ತಂದು ತೋರಿಸಿದರು. "ಬಳಗ ಎಲ್ಲಾ ಇದರಾಗ ಐತಿ ನೋಡು. ಬಸ್ ಟಿಕೀಟು ಸೈತ ಬ್ಯಾಡ." ನಾನು ದೊಡ್ಡ ತಜ್ಞನ ಹಾಗೆ ತಲೆಯಾಡಿಸಿದೆ.

ವಿಜಯವಾಡದಿಂದ ಮೊದಲ ಫೋನು ಬಂತು. "ಲೇ ತಮ್ಮಾ, ಪ್ರೋಗ್ರಾಂ ಬಂದೈತಿ. ಒಳಗ ಒಬ್ರೂ ಇಲ್ಲೋ! ದೊಡ್ಡವ್ವ ಇಲ್ಲ, ಮಾವ ಇಲ್ಲ. ಎಲ್ಲಾ ಬೋಳು."

ಆಮೇಲೆ ಅವರಿವರನ್ನು ಕೇಳಿದಾಗ ತಿಳಿಯಿತು. ಆ ಪ್ರೋಗ್ರಾಂ ಬರೀ ಬಾಗಿಲು. ಹೆಸರು, ವಿಳಾಸ, ಬಣ್ಣ, ಅಕ್ಷರದ ಗಾತ್ರ ಎಲ್ಲ ವಿಂಡೋಸ್ ತನ್ನ ಹೊಟ್ಟೆಯೊಳಗೆ, ರಿಜಿಸ್ಟ್ರಿ ಎಂಬ ಉಗ್ರಾಣದಲ್ಲಿ ಇಟ್ಟುಕೊಂಡಿರುತ್ತದೆ. ಸರ್ ಬಾಗಿಲು ಕಿತ್ತುಕೊಂಡು ಹೋಗಿದ್ದರು, ಮನೆ ಇಲ್ಲೇ ಉಳಿದಿತ್ತು.

ನಾನು ದಾರಿ ಹುಡುಕುವಷ್ಟರಲ್ಲಿ ಅಲ್ಲಿ ಅನಾಹುತವಾಯಿತು. ಯಾರೋ ಹೊಸದಾಗಿ ತೆರೆದುಕೊಟ್ಟ ಕಿಟಕಿಗಳೆಲ್ಲ ಒಂದೇ ಬೂದು ಬಣ್ಣ, ಇರುವೆಯಂಥ ಅಕ್ಷರ. ಸರ್ ಆಟೋನಗರದ್ದೆಂದುಕೊಂಡು ಅನಕಾಪಲ್ಲಿಯ ಕಂಪ್ಯೂಟರನ್ನು ನಿಲ್ಲಿಸಿಬಿಟ್ಟರು. ಅಲ್ಲಿ ಮಾಲು ತೂಗುವ ವೇಬ್ರಿಜ್ಜಿನ ಮುಂದೆ ಲಾರಿಗಳು ಸಾಲುಗಟ್ಟಿ ನಿಂತವು.

"ದೊಡ್ಡವ್ವನ್ನ ಕೆಡವಿಬಿಟ್ನೋ," ಎಂದರು ಫೋನಿನಲ್ಲಿ, ಪಿಸುದನಿಯಲ್ಲಿ. "ಇಲ್ಲಿ ಮ್ಯಾನೇಜರ ರಾವ್ ಗಾರು ಭಾಳ ಮೆತ್ತಗ ಕೇಳಿದ್ರು, ಬಡಿಗೇರ್ ಗಾರೂ, ಆರೋಗ್ಯಂ ಬಾಗುಂದಾ, ಆರಾಮ ಅದೀರೇನು ಅಂತ. ಬೈದಿದ್ರ ಚಲೋ ಇತ್ತು. ಇನ್ನೊಂದು ಸಲ ಹಿಂಗಾತಂದ್ರ ಡಾಕ್ಟರ ಕಡೆ ಕಳಸ್ತಾರ."

ಅವರ ಹಳೇ ಕಂಪ್ಯೂಟರು ನನ್ನ ಮೇಜಿಗೇ ಬಂದಿತ್ತು, ಪುಣ್ಯ. ಆದರೆ ಬಳಗ ಇದ್ದದ್ದು ಅವರ ಹೆಸರಿನ ಲಾಗಿನ್ನಿನಲ್ಲಿ.

"ಸರ್, ಪಾಸ್‌ವರ್ಡ್ ಹೇಳಿ."

"ಬ್ಯಾರೆ ಹಾದಿ ಇಲ್ಲೇನು?"

"ಇಲ್ಲ ಸರ್."

ದನಿ ಇಳಿಸಿದರು. "ಗುಂಡವ್ವ."

"ಯಾರು ಸರ್ ಅದು?"

"ನಿಮ್ಮ ಅಕ್ಕಾರಲೇ, ನನ್ನ ಹೇಂತಿ! ಮದುವ್ಯಾದ ಹೊಸದಾಗ ಕರೀತಿದ್ದೆ. ಈಗ ಕರದ್ರ ಲಟ್ಟಣಿಗಿ ತಗೋತಾಳ. ಅದರ ಮಿಮಿಕ್ರಿ ಗಿಮಿಕ್ರಿ ಮಾಡೀಯಪಾ ಮತ್ತ!"

ಮಾಡಲಿಲ್ಲ. ನನ್ನ ಕಲಾಜೀವನದಲ್ಲಿ ನಾನು ಬಿಟ್ಟುಕೊಟ್ಟ ಏಕೈಕ ಅವಕಾಶ ಅದು.

ಗುಂಡವ್ವನ ಕೃಪೆಯಿಂದ ಉಗ್ರಾಣ ತೆರೆಯಿತು. ಅವರ ಬಳಗವಿದ್ದ ಭಾಗವನ್ನಷ್ಟೇ ಒಂದು ಫೈಲಿಗೆ ಇಳಿಸಿದೆ. ಮೇಲ್ ಮಾಡಬಹುದಿತ್ತು. ಆದರೆ ಕಾಣದ ಪರದೆಯ ಮೇಲೆ ಅವರನ್ನು ಫೋನಿನಲ್ಲಿ ಕೈಹಿಡಿದು ನಡೆಸುವುದು ನನ್ನಿಂದಾಗದು, ಅಲ್ಲಿ ಬೇರೆಯವರನ್ನು ಕರೆದರೆ ಗುಟ್ಟು ರಟ್ಟು. ಶನಿವಾರ ಬೆಳಗಿನ ರೈಲು ಹತ್ತಿದೆ. ಜೇಬಿನಲ್ಲಿ ಫ್ಲಾಪಿ, ಕೈಯಲ್ಲಿ ಅನಕಾಪಲ್ಲಿಯ ಬೆಲ್ಲ. ಅದು ಅಕ್ಕಾರಿಗೆ.

ವಿಜಯವಾಡದ ಆಫೀಸು ಅರ್ಧ ಖಾಲಿ. ಸರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೆಂಟರು ಬರುವ ಮನೆಯ ಯಜಮಾನನ ಹಾಗೆ ಕಾಯುತ್ತಿದ್ದರು. ಫೈಲನ್ನು ಹೊಸ ಕಂಪ್ಯೂಟರಿಗೆ ಹಾಕಿ ಎರಡು ಸಲ ಒತ್ತಿದೆ. ಸೇರಿಸಲೇ ಎಂದು ಕೇಳಿತು, ಹೂಂ ಎಂದೆ. ಪ್ರೋಗ್ರಾಂ ತೆರೆದೆ. ದೊಡ್ಡವ್ವ, ಸಣ್ಣತ್ತಿ, ಮಾವ, ಎಲ್ಲರೂ ಸಾಲಾಗಿ ಬಂದು ಕೂತಿದ್ದರು.

"ಬಂದ್ರು ಸರ್! ಒಬ್ಬರೂ ತಪ್ಪಿಲ್ಲ!" ಎಂದು ಕೂಗಿ ದೊಡ್ಡವ್ವನನ್ನು ತೆರೆದೆ. ಕಪ್ಪು ಕಿಟಕಿಯ ತುಂಬ ಬೆಲ್ಲದ ಬಣ್ಣದ ದಪ್ಪ ಅಕ್ಷರ, ವಿಶಾಖಪಟ್ಟಣದಲ್ಲಿ ಇದ್ದ ಹಾಗೇ.

ಸರ್ ಕತ್ತು ಓರೆ ಮಾಡಿದರು. ಇನ್ನಷ್ಟು ಓರೆ ಮಾಡಿದರು. ಆ ಕಡೆಗೆ ತಿರುಗಿ, ಇನ್ನೊಂದು ಅಂಚಿನಿಂದ ನೋಡಿದರು.

"ಸಣ್ಣಾಗ್ಯಾವೇನೋ ಅಕ್ಷರ?"

"ಇಲ್ಲ ಸರ್, ಅಷ್ಟೇ ಇದಾವೆ."

"ಬಣ್ಣ ಯಾಕ ಹಿಂಗ ಮಸಕಾತು? ಹಾದ್ಯಾಗ ಏನರ ಕೆಟ್ಟಿರಬೇಕು."

ನಾನು ಅಕ್ಷರ ದೊಡ್ಡದು ಮಾಡಿದೆ. ಇನ್ನೂ ದೊಡ್ಡದು ಮಾಡಿದೆ. ಕಿಟಕಿಯಲ್ಲಿ ನಾಲ್ಕಾರು ಪದ ಹಿಡಿದರೆ ಹೆಚ್ಚು ಎನ್ನುವಷ್ಟು ಮಾಡಿದೆ. ಆ ಗಾತ್ರದಲ್ಲಿ ಯಾರೂ ಕೆಲಸ ಮಾಡಲಾರರು. ಇದು ಇಬ್ಬರಿಗೂ ಗೊತ್ತಿತ್ತು. ಹಾದಿಯಲ್ಲಿ ಏನೂ ಕೆಟ್ಟಿರಲಿಲ್ಲ, ಇದೂ ಗೊತ್ತಿತ್ತು.

"ಇರ್ಲಿ ಬಿಡು," ಎಂದರು ಕಡೆಗೆ, ಕೀಲಿಮಣೆಯನ್ನು ಮೆಲ್ಲಗೆ ಒಳಕ್ಕೆ ಸರಿಸುತ್ತ. "ನೀ ತಂದದ್ದು ಸರಿ ಐತಿ. ಸೋಮವಾರ ರಾವ್ ಗಾರಿಗೆ ನಾನ ಹೇಳ್ತೀನಿ. ಅವರು ಮತ್ತೊಮ್ಮೆ ಮೆತ್ತಗ ಕೇಳೂದು ಬ್ಯಾಡ."

ನಾನು ಫ್ಲಾಪಿ ಹೊರತೆಗೆದು ಜೇಬಿಗಿಟ್ಟುಕೊಂಡೆ. ನನ್ನ ಬೇಸರ ಅವರಿಗೆ ತಿಳಿಯಿತೇನೋ. ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡರು.

"ಯಾಕಲೇ ಮಾರಿ ಸಪ್ಪಗ ಮಾಡ್ಕೊಂಡಿ? ಬಡಿಗೇರನ್ನ ಮಾಡು, ನೋಡೂಣು."

ಕತ್ತು ಓರೆ ಮಾಡಿದೆ. ಗದ್ದ ಎತ್ತಿದೆ. ಅವರು ಅಂದು ಹೇಳಿಕೊಟ್ಟ ಹಾಗೆ ಇನ್ನೊಂಚೂರು ತಿರುಗಿಸಿದೆ. ಹಾಗೇ ಕೂತೆ.

ಸರ್ ಕಣ್ಣಿನ ಅಂಚನ್ನು ನನ್ನತ್ತ ತಿರುಗಿಸಿ, ನಗಲು ಸಿದ್ಧವಾದ ಮುಖ ಹೊತ್ತು ಕಾದರು. "ಎಲ್ಲಿ? ಮಾಡಲೇ ಮತ್ತ," ಎಂದರು.