ಬಸ್ ತಂಗುದಾಣದ ಇಂಗ್ಲಿಷ್

ಶಾಲೆಯ ಮಕ್ಕಳು ಅವಳನ್ನು ‘ಕೆಂಪು ಪೆನ್ನು’ ಎಂದು ಕರೆಯುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು, ಬೇಜಾರೇನೂ ಇರಲಿಲ್ಲ. ಮಕ್ಕಳ ಪುಸ್ತಕವಿರಲಿ, ಅಂಗಡಿಯ ಬೋರ್ಡಿರಲಿ, ಔಷಧದ ಡಬ್ಬಿಯಿರಲಿ, ಇಂಗ್ಲಿಷ್ ಅಕ್ಷರ ಕಂಡರೆ ಅವಳ ಕಣ್ಣು ಮೊದಲು ತಪ್ಪನ್ನೇ ಹುಡುಕುತ್ತಿತ್ತು. ಗಡಿಯಾರ ರಿಪೇರಿ ಮಾಡುವ ಗಂಡ ಅಂಗಡಿಗೆ ಹೊಸ ಬೋರ್ಡು ಬರೆಸಿದಾಗ, ಬಣ್ಣ ಒಣಗುವ ಮೊದಲೇ ಒಂದಕ್ಷರ ಅಳಿಸಿ ತಿದ್ದಿಸಿದ್ದಳು.

“ಗಿರಾಕಿಗೆ ಟೈಮ್ ಸರಿಯಾಗಿ ತೋರಿಸಿದ್ರೆ ಸಾಕಲ್ವೇನೇ? ಸ್ಪೆಲಿಂಗ್ ಯಾರು ನೋಡ್ತಾರೆ?” ಎಂದು ಅವನು ಗೊಣಗಿದ್ದ.

“ನಾನ್ ನೋಡ್ತೀನಿ,” ಎಂದಿದ್ದಳು ಅವಳು.

ಅವಳು ಓದಿದ್ದು ಗಣಿತ. ಕೆಲಸಕ್ಕೆ ಸೇರಿದ ವರ್ಷವೇ ಆ ಸರ್ಕಾರಿ ಶಾಲೆಯ ಇಂಗ್ಲಿಷ್ ಮೇಷ್ಟ್ರು ನಿವೃತ್ತರಾದರು. “ನಿನಗೆ ಓದೋಕೆ ಬರುತ್ತಲ್ಲಮ್ಮ, ಹೊಸಬರು ಬರೋವರೆಗೆ ಇಂಗ್ಲಿಷ್ ನೀನೇ ನೋಡ್ಕೋ,” ಎಂದರು ಮುಖ್ಯೋಪಾಧ್ಯಾಯರು. ಹೊಸಬರು ಬರಲೇ ಇಲ್ಲ. ಹಾಗೆ ಇಪ್ಪತ್ತು ವರ್ಷ ಉರುಳಿತು. ಅವಳು ಇಂಗ್ಲಿಷನ್ನು ಗಣಿತದಂತೆಯೇ ಕಲಿಸಿದಳು. ಕ್ರಿಯಾಪದಕ್ಕೆ ಒಂದು ಸೂತ್ರ, ಪ್ರಶ್ನೆಗೆ ಒಂದು ಸೂತ್ರ, ಕರ್ಮಣಿಗೆ ಇನ್ನೊಂದು. ಅವಳ ಮಕ್ಕಳು ಪರೀಕ್ಷೆಯಲ್ಲಿ ಫೇಲಾದದ್ದು ಅಪರೂಪ. ಅವರು ಇಂಗ್ಲಿಷ್ ಮಾತಾಡಿದ್ದು ಅದಕ್ಕಿಂತ ಅಪರೂಪ. ಅದನ್ನು ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ.

ಒಂದು ದಿನ ಅವಳ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ಮಧ್ಯಾಹ್ನ ಅತ್ತೆಯ ಪಕ್ಕದಲ್ಲಿ ಕೂತಿದ್ದಾಗ, ಎದುರಿನ ಮಂಚಕ್ಕೆ ಒಬ್ಬ ವಿದೇಶಿ ಮುದುಕನನ್ನು ಕರೆತಂದರು. ಪ್ರವಾಸಕ್ಕೆ ಬಂದವನು ಮೆಟ್ಟಿಲಿಂದ ಉರುಳಿದ್ದನಂತೆ. ಇಂಗ್ಲಿಷ್ ಅವನ ತಾಯ್ನುಡಿಯೂ ಅಲ್ಲ, ಆದರೆ ಅವನಿಗೂ ಈ ಊರಿಗೂ ನಡುವೆ ಇದ್ದ ಭಾಷೆ ಅದೊಂದೇ. ಸಿರಿಂಜು ಹಿಡಿದು ನಿಂತಿದ್ದ ನರ್ಸು ತಿರುಗಿ ನೋಡಿದಳು, ಮುಖ ಅರಳಿತು. ಅವಳು ಇದೇ ಟೀಚರ ಹಳೆಯ ವಿದ್ಯಾರ್ಥಿನಿ.

“ಟೀಚರ್! ದೇವರು ಬಂದಂಗೆ ಬಂದ್ರಿ. ಈ ಔಷಧಿ ಇವ್ರಿಗೆ ಒಗ್ಗುತ್ತಾ, ಮುಂಚೆ ಯಾವತ್ತಾದ್ರೂ ತೊಂದರೆ ಆಗಿತ್ತಾ ಅಂತ ಸ್ವಲ್ಪ ಕೇಳ್ತೀರಾ?”

ಟೀಚರು ಎದ್ದು ನಿಂತಳು. ಮುದುಕ ನೋವಿನಲ್ಲೂ ಆಸೆಯಿಂದ ಅವಳ ಬಾಯನ್ನೇ ನೋಡಿದ. ಇದು ಯಾವ ಕಾಲದ ವಾಕ್ಯ? ‘ಹ್ಯಾವ್’ ಬರಬೇಕೋ, ‘ಡಿಡ್’ ಬರಬೇಕೋ? ತಲೆಯೊಳಗೆ ಸೂತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಬಾಯಿ ತೆರೆಯಿತು. ಮಾತು ಬರಲಿಲ್ಲ. ಅಷ್ಟರಲ್ಲಿ ಬಂದ ವೈದ್ಯರು ಔಷಧದ ಶೀಶೆ ತೋರಿಸಿ ಎರಡೇ ಪದ ಹೇಳಿದರು, ಮುದುಕ ಇಲ್ಲವೆಂದು ತಲೆಯಾಡಿಸಿದ, ಕೆಲಸ ಮುಗಿಯಿತು.

“ಹೋಗ್ಲಿ ಬಿಡಿ ಟೀಚರ್,” ಎಂದಳು ನರ್ಸು, ಸಮಾಧಾನ ಮಾಡುವಂತೆ. “ನಂಗೂ ಹಂಗೇ ಆಗುತ್ತೆ.”

ಆ ‘ನಂಗೂ’ ಅವಳ ಎದೆಗೆ ಮುಳ್ಳಿನಂತೆ ಚುಚ್ಚಿತು. ಮಲಗಿದ್ದಲ್ಲಿಂದಲೇ ಅತ್ತೆ ಕತ್ತೆತ್ತಿ ಕೇಳಿದರು:

“ನೀನು ಇಂಗ್ಲಿಷ್ ಟೀಚರ್ ಅಲ್ವೇನೇ?”

“ಹೌದು ಅತ್ತೆ.”

“ಮತ್ತೆ?”

ಅವಳು ಅತ್ತೆಯ ಹೊದಿಕೆ ಸರಿಮಾಡಿದಳು.

ಇಂಗ್ಲಿಷ್ ಶಿಕ್ಷಕರಿಗೆ ಇಲಾಖೆ ಪ್ರತಿವರ್ಷ ತರಬೇತಿ ನಡೆಸುತ್ತಿತ್ತು. ಒಂದು ದೊಡ್ಡ ಸಭಾಂಗಣ, ಗಿರಗಿರ ಎನ್ನುವ ಫ್ಯಾನು, ಪರದೆಯ ಮೇಲೆ ಸ್ಲೈಡು. ಸಹಿ ಹಾಕಿ ಹಿಂದಿನ ಸಾಲಿನಲ್ಲಿ ತೂಕಡಿಸಿ, ಸಂಜೆ ಸರ್ಟಿಫಿಕೇಟು ಹಿಡಿದು ಮನೆಗೆ ಹೋಗುವುದು ಎಲ್ಲರ ರೂಢಿ, ಅವಳದೂ. ಆ ವರ್ಷ ಮಾತ್ರ ಅವಳು ಮೊದಲ ಸಾಲಿನಲ್ಲಿ ಕೂತಳು. ‘ಮಕ್ಕಳನ್ನು ಮಾತಾಡಿಸುವುದು ಹೇಗೆ’ ಎನ್ನುವುದೇ ಅಂದಿನ ವಿಷಯ. ತರಬೇತಿ ಕೊಡಲು ಬಂದವಳು ಚುರುಕಾದ ಯುವತಿ. ಬೆಳಗಿನಿಂದ ಊಟದವರೆಗೆ ಅವಳೊಬ್ಬಳೇ ಮಾತಾಡಿದಳು.

ಊಟವಾದ ಮೇಲೆ ಟೀಚರು ಕೈಯೆತ್ತಿದಳು.

“ಮೇಡಂ, ಮಕ್ಕಳ ವಿಷಯ ಆಮೇಲೆ ನೋಡೋಣ. ನಮ್ಮನ್ನ ಮಾತಾಡ್ಸೋರು ಯಾರು?”

“ಅಂದ್ರೆ?”

“ಅಂದ್ರೆ ನಂಗೆ ಇಂಗ್ಲಿಷ್ ಮಾತಾಡೋಕೆ ಬರಲ್ಲ. ಅದನ್ನ ಕಲಿಸಿ.”

ಯುವತಿ ಸ್ಲೈಡಿನ ಕಡೆ ನೋಡಿದಳು, ಅಲ್ಲಿ ಸಹಾಯ ಸಿಗಲಿಲ್ಲ. “ಅದು... ಈ ಕಾರ್ಯಕ್ರಮದಲ್ಲಿ ಇಲ್ಲ ಮೇಡಂ,” ಎಂದಳು.

ವೇದಿಕೆಯ ಮೇಲೆ ಕೂತಿದ್ದ ಶಿಕ್ಷಣಾಧಿಕಾರಿಗೆ ಸಿಟ್ಟು ಬಂತು. “ಕುಣಿಯೋಕೆ ಬರದವರು ನೆಲ ಡೊಂಕು ಅಂದ್ರಂತೆ,” ಎಂದರು ಮೈಕಿನಲ್ಲೇ.

“ನೆಲ ಡೊಂಕು ಅಂತ ನಾನೆಲ್ಲಿ ಅಂದೆ ಸಾರ್?” ಎಂದಳು ಅವಳು. “ಕುಣಿಯೋಕೆ ಬರಲ್ಲ ಅಂತಾನೇ ಹೇಳ್ತಿದ್ದೀನಿ. ಕಲಿಸಿ ಅಂತ ಕೇಳ್ತಿದ್ದೀನಿ.” ಆಮೇಲೆ ಹಿಂದಕ್ಕೆ ತಿರುಗಿ, ಇಡೀ ಸಭಾಂಗಣಕ್ಕೆ ಕೇಳುವಂತೆ, “ಇಲ್ಲಿ ಇನ್ಯಾರಿಗೆ ಬರಲ್ಲ? ಕೈಯೆತ್ತಿ,” ಎಂದಳು.

ಯಾರೂ ಅಲುಗಲಿಲ್ಲ. ಕೆಲವರು ಚಪ್ಪಲಿ ನೋಡಿಕೊಂಡರು. ಕೊನೆಗೆ ಹಿಂದಿನ ಸಾಲಿನಿಂದ ಒಂದು ಉದ್ದನೆಯ ಕೈ ಮೇಲೆದ್ದಿತು. ಹಿಂದಿನ ವರ್ಷ ಉತ್ತಮ ಇಂಗ್ಲಿಷ್ ಶಿಕ್ಷಕ ಎಂಬ ಪ್ರಶಸ್ತಿ ಪಡೆದಿದ್ದ, ಪಕ್ಕದ ಶಾಲೆಯ ಉದ್ದ ಮೇಷ್ಟ್ರ ಕೈ ಅದು. ಅವರ ಕೈ ನೋಡಿ ಇನ್ನೊಂದು, ಅದನ್ನು ನೋಡಿ ಮತ್ತೊಂದು. ಅಧಿಕಾರಿ ಮೈಕು ಆರಿಸಿದರು.

ವಾರದೊಳಗೆ ನೋಟಿಸು ಬಂತು. ಇಲಾಖೆಯ ಮರ್ಯಾದೆ ಹರಾಜು ಹಾಕಿದ್ದೀರಿ, ಖುದ್ದಾಗಿ ಬಂದು ಕ್ಷಮೆ ಕೇಳಬೇಕು ಎಂಬುದು ಅದರ ಸಾರಾಂಶ.

“ಒಂದು ‘ಸಾರಿ’ ಅಂದ್ಬಿಡು, ಮುಗೀತು,” ಎಂದ ಗಂಡ. “ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?”

“ಸಾರಿ ಅಂದ್ರೆ ನಾನ್ ಹೇಳಿದ್ದು ಸುಳ್ಳು ಅಂತಾಗುತ್ತೆ. ಸುಳ್ಳಲ್ಲ.”

ವಾಕರು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಅತ್ತೆ ನಡುವೆ ಬಾಯಿ ಹಾಕಿದರು. “ಸುಮ್ನಿರೋ. ಈ ಮನೆಗೆ ಬಂದಾಗಿಂದ ನನ್ನ ಮುಂದೇನೇ ಒಂದ್ಸಲ ತಪ್ಪಾಯ್ತು ಅಂದವಳಲ್ಲ ಅವಳು. ಅವನ್ಯಾವನೋ ಸಾಹೇಬನ ಮುಂದೆ ಅಂತಾಳಾ?”

ಅವಳು ಹೋದಳು, ಆದರೆ ಕ್ಷಮೆ ಕೇಳಲು ಅಲ್ಲ. ಅಧಿಕಾರಿಯ ಮೇಜಿನ ಮುಂದೆ ನಿಂತು, ದಾರಿಯುದ್ದಕ್ಕೂ ಬಾಯಲ್ಲೇ ಹೊರಳಿಸಿಕೊಂಡು ಬಂದ ಮಾತನ್ನು ಇಂಗ್ಲಿಷಿನಲ್ಲೇ ಹೇಳಿದಳು. ನಾನು ಸುಳ್ಳು ಹೇಳಿಲ್ಲ, ಕಲಿಯದವರು ಕಲಿಸಲಾರರು, ಇಲಾಖೆ ಕಲಿಸದಿದ್ದರೆ ನಾವೇ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತೇವೆ. ನಡುನಡುವೆ ತಡವರಿಸಿದಳು, ಒಂದು ಪದಕ್ಕೆ ಬಹಳ ಹೊತ್ತು ತಡಕಾಡಿದಳು, ಆದರೆ ಸ್ವಂತ ಭಾಷೆಗೆ ಜಾರಲಿಲ್ಲ. ಮುಖ ಕೆಂಪಾಗಿತ್ತು.

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. “ನೀವು ಹೇಳಿದ್ರಲ್ಲಿ ಎರಡು ತಪ್ಪಿತ್ತು.”

“ಎರಡಲ್ಲ ಸಾರ್, ಮೂರು. ಆದ್ರೆ ನಾನ್ ಹೇಳಿದ್ದು ಅರ್ಥ ಆಯ್ತಲ್ಲ?”

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಅವಳು ನಮಸ್ಕಾರ ಹೇಳಿ ಹೊರಬಂದಳು. ಹೊರಗಿನ ಮೆಟ್ಟಿಲ ಮೇಲೆ ಕೂತಳು. ಭಯವೂ ಇತ್ತು; ಅದರ ಜೊತೆಗೆ, ಮೊದಲ ಸಲ ನೀರಿಗೆ ಬಿದ್ದು ಮುಳುಗದೆ ಮೇಲೆದ್ದವರಿಗೆ ಆಗುವಂಥ ಒಂದು ಬಗೆಯ ಹುಚ್ಚು ಖುಷಿಯೂ ಇತ್ತು.

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಅವಳ ತರಗತಿಯಲ್ಲಿ ಅಂದು ಕೈಯೆತ್ತಿದ್ದ ಏಳೆಂಟು ಶಿಕ್ಷಕರು ಸೇರಿದರು. ಮಕ್ಕಳ ಬೆಂಚು, ಮೊಣಕಾಲು ಹಿಡಿಸದ ಡೆಸ್ಕು. ಇಂಗ್ಲಿಷಿನಲ್ಲೇ ಮಾತಾಡಬೇಕು ಎಂದು ತೀರ್ಮಾನಿಸಿದ ಕೂಡಲೇ ಎಲ್ಲರ ಬಾಯಿಗೂ ಬೀಗ ಬಿತ್ತು. ಗೋಡೆಯ ಭೂಪಟವನ್ನು ಎಲ್ಲರೂ ಭಾರೀ ಆಸಕ್ತಿಯಿಂದ ನೋಡತೊಡಗಿದರು. ಕೊನೆಗೆ ಉದ್ದ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ತಮ್ಮ ಮನೆಯ ನಲ್ಲಿ ಸೋರುವುದರ ಬಗ್ಗೆ, ಕೊಳಾಯಿಯವನು ಬಾರದ ಬಗ್ಗೆ, ಹೆಂಡತಿ ಬೈಯುವುದರ ಬಗ್ಗೆ ಹೇಳಿದರು. ಕ್ರಿಯಾಪದವೊಂದೂ ನೆಟ್ಟಗಿರಲಿಲ್ಲ. ಎಲ್ಲರಿಗೂ ಅರ್ಥವಾಯಿತು, ಎಲ್ಲರೂ ನಕ್ಕರು. ಅವಳು ಮಾತ್ರ ತಡೆಯಲಾರದೆ ತಿದ್ದಿದಳು. ಮೇಷ್ಟ್ರು ಅಲ್ಲಿಗೇ ನಿಂತುಬಿಟ್ಟರು.

ಅಂದೇ ಒಂದು ನಿಯಮವಾಯಿತು: ಮಾತಿನ ನಡುವೆ ತಿದ್ದಿದವರು ಎಲ್ಲರಿಗೂ ಚಹಾ ಮಾಡಬೇಕು. ಮೊದಲ ತಿಂಗಳೆಲ್ಲ ಚಹಾ ಮಾಡಿದ್ದು ಅವಳೇ.

ಆಮೇಲೆ ಒಬ್ಬರ ಪಾಠಕ್ಕೆ ಇನ್ನೊಬ್ಬರು ಹೋಗಿ ಕೂರುವುದು ಶುರುವಾಯಿತು. ಉದ್ದ ಮೇಷ್ಟ್ರು ಅವಳ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನೋಡಿದರು. ಗಂಟೆ ಹೊಡೆದ ಮೇಲೆ ಕಡ್ಡಿ ಮುರಿದಂತೆ ಹೇಳಿದರು:

“ಟೀಚರ್, ಪೀರಿಯಡ್ ಪೂರ್ತಿ ನೀವೇ ಮಾತಾಡಿದ್ರಿ. ಮಕ್ಕಳ ಬಾಯಿಂದ ಬಂದಿದ್ದು ‘ಯೆಸ್ ಟೀಚರ್’ ಒಂದೇ. ಆ ತರಬೇತಿ ಮೇಡಂಗೂ ನಿಮಗೂ ಏನು ವ್ಯತ್ಯಾಸ?”

ಒಂದು ವಾರ ಅವಳು ಅವರ ಜೊತೆ ಮಾತು ಬಿಟ್ಟಳು. ಎರಡನೆಯ ವಾರ ಮುಖ ಊದಿಸಿಕೊಂಡೇ ತರಗತಿಗೆ ಹೋಗಿ, ಬೋರ್ಡಿನ ಮೇಲೆ ಏನೂ ಬರೆಯದೆ, “ನಿನ್ನೆ ಏನಾಯ್ತು, ಯಾರಾದ್ರೂ ಇಂಗ್ಲಿಷಲ್ಲಿ ಹೇಳಿ,” ಎಂದು ಕೂತಳು. ಮಕ್ಕಳು ಮುಖಮುಖ ನೋಡಿಕೊಂಡರು. ಕೊನೆಗೆ ಒಬ್ಬ ಹುಡುಗಿ ಎದ್ದು, ಸೈಕಲ್ಲಿನಿಂದ ಬಿದ್ದು ಹಲ್ಲು ಮುರಿದ ಕತೆಯನ್ನು ಹೇಳಿದಳು. ನಿನ್ನೆಯದೆಲ್ಲ ಇವತ್ತೇ ನಡೆಯುತ್ತಿರುವಂತಿತ್ತು ಅವಳ ವ್ಯಾಕರಣ. ಟೀಚರು ತುಟಿ ಕಚ್ಚಿ ಕೂತಳು. ಕತೆ ಮುಗಿದಾಗ ಇಡೀ ತರಗತಿ ಹುಡುಗಿಯ ಹಲ್ಲು ನೋಡಲು ಎದ್ದು ನಿಂತಿತ್ತು, ಇನ್ನೂ ಮೂವರು ತಮ್ಮ ಕತೆ ಹೇಳಲು ಕೈಯೆತ್ತಿದ್ದರು. ಇಷ್ಟು ವರ್ಷದಲ್ಲಿ ಅಂಥದ್ದು ಆ ಕೋಣೆಯಲ್ಲಿ ನಡೆದಿರಲಿಲ್ಲ. ಅವಳು ಅಂದೇ ಸಂಜೆ ಉದ್ದ ಮೇಷ್ಟ್ರಿಗೆ ಫೋನು ಮಾಡಿ ಜಗಳ ಮುಗಿಸಿದಳು.

ಒಂದು ಶನಿವಾರ ಆ ತರಬೇತಿಯ ಯುವತಿಯೂ ಬಂದು ಬಾಗಿಲಲ್ಲಿ ನಿಂತಳು. “ನಾನೂ ಕೂತ್ಕೋಬಹುದಾ? ಸುಮ್ನೆ ಮಾತಾಡೋಕೆ ನಂಗೂ ಭಯ ಮೇಡಂ. ಅದಕ್ಕೇ ನೋಡಿ, ಸ್ಲೈಡ್ ಓದೋದು.” ಟೀಚರು ಬೆಂಚಿನ ಮೇಲೆ ಸರಿದು ಜಾಗ ಕೊಟ್ಟಳು.

ಅಧಿಕಾರಿ ಇದನ್ನೆಲ್ಲ ಮರೆತಿರಲಿಲ್ಲ. ವರ್ಷ ಮುಗಿಯುತ್ತಿದ್ದಂತೆ ಅವಳಿಗೆ ವರ್ಗಾವಣೆಯ ಆದೇಶ ಬಂತು: ನಗರದ ಇನ್ನೊಂದು ತುದಿ, ಗೋದಾಮುಗಳ ನಡುವಿನ ಒಂದು ಪುಟ್ಟ ಶಾಲೆ, ಎರಡು ಬಸ್ಸು ಬದಲಿಸಬೇಕಾದ ದಾರಿ. ಹೆದರಿ ಸುಮ್ಮನಾಗುತ್ತಾಳೆ ಎಂದುಕೊಂಡಿದ್ದರೇನೋ. ಅವಳು ಶನಿವಾರದ ಸಭೆಯನ್ನು ಹೊಸ ಶಾಲೆಗೆ ಹೊತ್ತೊಯ್ದಳು. ಗೋದಾಮುಗಳ ಕಡೆಯ ಶಾಲೆಗಳಿಂದಲೂ ಜನ ಸೇರಿದರು. ಆಗ ಸುತ್ತೋಲೆ ಹೊರಟಿತು: ಅನುಮತಿಯಿಲ್ಲದ ಸಭೆಗಳಿಗೆ ಶಾಲೆಯ ಕೋಣೆ ಕೊಡಕೂಡದು.

ಶನಿವಾರ ಆ ಶಾಲೆಯ ಮುಖ್ಯೋಪಾಧ್ಯಾಯರು ತಲೆ ತಗ್ಗಿಸಿ ಕೋಣೆಗೆ ಬೀಗ ಹಾಕಿದರು. “ನನ್ನ ಕೈಯಲ್ಲಿಲ್ಲಮ್ಮ,” ಎಂದರು.

“ಬೀಗ ನಿಮ್ಮ ಕೈಯಲ್ಲೇ ಇದೆ ಸಾರ್,” ಎಂದಳು ಅವಳು. “ಇರ್ಲಿ. ಬಾಯಿಗಂತೂ ಹಾಕೋಕಾಗಲ್ಲ.”

ಗೇಟಿನ ಎದುರಿಗೇ ಬಸ್ ತಂಗುದಾಣವಿತ್ತು. ತಗಡಿನ ಮಾಡು, ಸಿಮೆಂಟಿನ ಕಟ್ಟೆ. ಅದಕ್ಕೆ ಯಾವ ಸುತ್ತೋಲೆಯೂ ಅನ್ವಯಿಸುತ್ತಿರಲಿಲ್ಲ. ಅವರೆಲ್ಲ ರಸ್ತೆ ದಾಟಿ ಅಲ್ಲಿ ಕೂತರು. ಬಸ್ಸು ಬಂದಾಗ ಯಾರೂ ಹತ್ತಲಿಲ್ಲ. ಡ್ರೈವರು ಹಾರ್ನು ಒತ್ತಿ, “ಹತ್ತುತ್ತೀರಾ ಇಲ್ವಾ?” ಎಂದು ಕೂಗಿದ. ಉದ್ದ ಮೇಷ್ಟ್ರು ಇಂಗ್ಲಿಷಿನಲ್ಲಿ ಅವನಿಗೆ ಧನ್ಯವಾದ ಹೇಳಿದರು. ಅವನು ಹಣೆ ಚಚ್ಚಿಕೊಂಡು ಹೊರಟ.

ಎರಡು ಮಳೆಗಾಲ ಅಲ್ಲೇ ಕಳೆಯಿತು. ಕೆಲವರು ಬಿಟ್ಟುಹೋದರು: ಬಿಸಿಲು, ಧೂಳು, ಮನೆಯವರ ಗೊಣಗಾಟ. ಕಾರಣಗಳಿಗೆ ಬರವಿರಲಿಲ್ಲ. ಆದರೆ ಹೊಸಬರು ಬರುತ್ತಲೇ ಇದ್ದರು. ಬಸ್ಸಿಗೆ ಕಾಯುತ್ತ ನಿಂತವರೂ ಒಮ್ಮೊಮ್ಮೆ ಮಾತಿಗೆ ಸೇರುತ್ತಿದ್ದರು. ಗೋದಾಮಿನ ಕಾವಲುಗಾರನೊಬ್ಬ ತನ್ನ ಮೊಮ್ಮಗಳ ಬಗ್ಗೆ ನಾಲ್ಕು ಮಾತು ಕಲಿತು, ಪ್ರತಿ ಶನಿವಾರ ಅವೇ ನಾಲ್ಕನ್ನು ಹೇಳಿ ಹೋಗುತ್ತಿದ್ದ.

ಆ ಅಧಿಕಾರಿ ಹೋಗಿ ಹೊಸ ಅಧಿಕಾರಿ ಬಂದರು. ಈತ ಒಳ್ಳೆಯ ಮನುಷ್ಯ. ಅವಳನ್ನು ಕರೆಸಿ ಕುರ್ಚಿ ಕೊಟ್ಟರು. “ನಿಮ್ಮ ಗುಂಪನ್ನೇ ಇಲಾಖೆಯ ತರಬೇತಿ ಅಂತ ಮಾಡ್ಬಿಡೋಣ. ಹಾಜರಿ, ಕೊನೆಗೊಂದು ಪರೀಕ್ಷೆ, ಎಲ್ಲರಿಗೂ ಸರ್ಟಿಫಿಕೇಟು. ನೀವೇ ಮುಖ್ಯಸ್ಥರು.”

“ಬೇಡ ಸಾರ್.”

ಅವರಿಗೆ ನಂಬಲಾಗಲಿಲ್ಲ. “ಯಾಕಮ್ಮ? ಇಷ್ಟು ದಿನ ನೀವು ಹೋರಾಡಿದ್ದು ಇದಕ್ಕೇ ಅಲ್ವಾ?”

“ಅಲ್ಲ ಸಾರ್. ಈಗ ಬರೋರು ತಪ್ಪು ಮಾತಾಡೋಕೆ ಬರ್ತಾರೆ. ಅಂಕ ಕೊಟ್ರೆ ಬಾಯಿ ಮುಚ್ಕೊಂಡು ಸರಿಯಾಗಿರೋಕೆ ಬರ್ತಾರೆ. ಅಂಥ ತರಬೇತಿ ನಿಮ್ಮ ಹತ್ರ ಆಗ್ಲೇ ಇದೆಯಲ್ಲ.” ಅವಳು ಎದ್ದು ನಿಂತಳು. “ಕೊಡೋದೇ ಆದ್ರೆ ಆ ಸುತ್ತೋಲೆ ವಾಪಸ್ ತಗೊಳ್ಳಿ. ನಮಗೆ ಕೋಣೆ ಸಾಕು.”

ನೋಡೋಣ ಎಂದರು ಅವರು. ಇನ್ನೂ ನೋಡುತ್ತಲೇ ಇದ್ದಾರೆ.

ಅವಳ ಇಂಗ್ಲಿಷ್ ಈಗಲೂ ಸರಾಗವಿಲ್ಲ. ಅವಸರದಲ್ಲಿ ‘ಹ್ಯಾವ್’ ಮತ್ತು ‘ಡಿಡ್’ ಅದಲುಬದಲಾಗುತ್ತವೆ. ಆದರೆ ಅವಳು ನಿಲ್ಲುವುದಿಲ್ಲ, ಮಾತು ಮುಗಿಸಿಯೇ ಉಸಿರು ತೆಗೆದುಕೊಳ್ಳುತ್ತಾಳೆ.

ಕಳೆದ ಶನಿವಾರ ಕೆಲಸಕ್ಕೆ ಸೇರಿ ತಿಂಗಳೂ ಆಗದ ಶಿಕ್ಷಕಿಯೊಬ್ಬಳು ತಂಗುದಾಣಕ್ಕೆ ಬಂದಿದ್ದಳು. ಎಲ್ಲರೂ ಸರಿದು ಜಾಗ ಮಾಡಿದರು. ಅವಳು ಎದ್ದು ನಿಂತಳು, ಬ್ಯಾಗಿನ ಪಟ್ಟಿ ಹಿಂಡಿದಳು, ಮತ್ತೆ ಕೂತಳು.

“ತಪ್ಪಾದ್ರೆ?” ಎಂದು ಮೆಲ್ಲಗೆ ಕೇಳಿದಳು.

ಲಾರಿಯೊಂದು ಗೋದಾಮಿನ ಕಡೆಗೆ ಗಡಗಡ ತಿರುಗುತ್ತಿತ್ತು. ಟೀಚರು ಅಂಗೈಗಳನ್ನು ಬಾಯಿಯ ಸುತ್ತ ಕಹಳೆಯಂತೆ ಹಿಡಿದು ಕೂಗಿದಳು:

“ಜೋರಾಗಿ ತಪ್ಪು ಮಾಡಮ್ಮ! ಈ ಸದ್ದಲ್ಲಿ ಕೇಳಿಸ್ಬೇಕಲ್ಲ!”