ಸ್ಕ್ಯಾನಿನಲ್ಲಿ ಮದ್ದು ಹುಡುಕಿದ ನಮ್ಮ ಮಾವ

ನಮ್ಮ ಮಾವ ಹುಚ್ಚರಾಯಪ್ಪನವರು ಯಾರನ್ನೂ ನಂಬಿ ಮೋಸಹೋದವರಲ್ಲ. ಯಾರನ್ನೂ ನಂಬದೆ ಏನಾದರು ಎಂಬುದನ್ನು ಹೇಳಲು ಕೂತಿದ್ದೇನೆ. ಹೇಳುವ ಹಕ್ಕು ನನಗಿದೆ. ಅವರ ಊಟಕ್ಕೆ ಏನೋ ಹಾಕಿದವಳು ಈ ಸೊಸೆಯೇ, ಮಧುಶ್ರೀಯೇ, ಎಂದು ಒಂದು ವರ್ಷ ಊರೆಲ್ಲ ಆಡಿಕೊಂಡಿತ್ತು.

ಶಿಕಾರಿಪುರದಿಂದ ಬಳ್ಳಿಗಾವಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಮೂರು ಎಕರೆ ಮೆಕ್ಕೆಜೋಳ, ಎರಡು ಹಸು. ಮೆಕ್ಕೆಜೋಳ ಮಾರುವಾಗ ಮಾವ ಮನೆಯಿಂದ ಇಪ್ಪತ್ತು ಕಿಲೋದ ಗುಂಡುಕಲ್ಲೊಂದನ್ನು ಹೊತ್ತು ತರುತ್ತಿದ್ದರು. ವ್ಯಾಪಾರಿಯ ಕಾಟಾದ ಮೇಲೆ ಮೊದಲು ಕಲ್ಲು ಇಡುವುದು, ಸರಿಯಾಗಿ ಇಪ್ಪತ್ತು ತೋರಿಸಿದರೆ ಮಾತ್ರ ಚೀಲ ಇಳಿಸುವುದು. ಡೈರಿಯಲ್ಲಿ ಒಂದೇ ಹಸುವಿನ ಹಾಲನ್ನು ಎರಡು ಕ್ಯಾನಿಗೆ ಸುರಿದು, ಎರಡು ಹೆಸರಿನಲ್ಲಿ ಕೊಟ್ಟು, ಫ್ಯಾಟ್ ಬೇರೆ ಬೇರೆ ಬಂದದ್ದನ್ನು ಹಿಡಿದು ಸೆಕ್ರೆಟರಿಯ ಬೆವರಿಳಿಸಿದ್ದರು. ಹೀಗೆ ಒಂದೆರಡು ಸಲ ಅನುಮಾನ ನಿಜವಾಯಿತು ನೋಡಿ, ಆಮೇಲೆ ಅದಕ್ಕೆ ಮೂಗುದಾರವೇ ಇರಲಿಲ್ಲ.

ನಾನು ಈ ಮನೆಗೆ ಬಂದು ಮೂರು ವರ್ಷ. ಅತ್ತೆ ನಾಗವೇಣಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು, ಹಾಗಾಗಿ ಬಂದ ದಿನದಿಂದ ಒಲೆ ನನ್ನದು. ಎರಡನೆಯ ವರ್ಷ ಮಾವ ಸೊರಗತೊಡಗಿದರು. ಉಂಡ ಗಂಟೆಗೆಲ್ಲ ಹೊಟ್ಟೆ ಹಿಡಿದು ಮುದುಡಿ ಕೂರುವುದು, ದಿನಕ್ಕೆ ಏಳೆಂಟು ಸಲ ಹಿತ್ತಲಿಗೆ ಓಡುವುದು. ಚಂದ್ರಗುತ್ತಿಯಲ್ಲಿರುವ ಅವರ ತಂಗಿ ಗುಡ್ಡಮ್ಮತ್ತೆ ನೋಡಲು ಬಂದವರು ನನ್ನನ್ನು ಮೇಲಿಂದ ಕೆಳಗೆ ಅಳೆದು, “ಅಣ್ಣಂಗೆ ಯಾರೋ ಕೈಮದ್ದು ಹಾಕಿದಾರೆ” ಎಂದುಬಿಟ್ಟರು.

ಊಟದಲ್ಲಿ ಕಲಸಿ ಹಾಕಿದ ಮದ್ದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಕರಗಿಸುತ್ತದೆ ಎಂಬುದು ನಮ್ಮ ಕಡೆ ಓದಿದವರೂ ಒಳಗೊಳಗೆ ನಂಬುವ ಮಾತು. ಅದನ್ನು ತೆಗೆಯುವವರೂ ಇದ್ದಾರೆ. ಗುಡ್ಡಮ್ಮತ್ತೆ ಅಂಥವನೊಬ್ಬನ ಹತ್ತಿರ ಅಣ್ಣನನ್ನು ಕರೆದೊಯ್ದರು. ಅವನು ಎಂಥದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ, ಬಿದ್ದದ್ದರಲ್ಲಿ ಒಂದು ಕರಿ ಉಂಡೆ ತೋರಿಸಿ, “ಇದು ಅರ್ಧ. ಇನ್ನರ್ಧ ಕರುಳಿಗೆ ಕಚ್ಕೊಂಡಿದೆ. ಹೆಂಗಸು ಹಾಕಿದ್ದು” ಎಂದ. ಮನೆಯಲ್ಲಿದ್ದ ಹೆಂಗಸು ನಾನೊಬ್ಬಳೇ.

ಅವತ್ತಿನಿಂದ ನಾನು ಬಡಿಸಿದ ಮೊದಲ ತುತ್ತು ನಾಯಿಗೆ. ನಾಯಿ ಬಾಲ ಆಡಿಸುತ್ತ ಇನ್ನೊಂದು ತುತ್ತಿಗೆ ಕಾದರೂ ಮಾವನಿಗೆ ಸಮಾಧಾನವಿಲ್ಲ. ನಾನು ಸುಮ್ಮನಿದ್ದರೆ ಒಪ್ಪಿಕೊಂಡಂತೆ, ಬಾಯಿಬಿಟ್ಟರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ. ಕೊನೆಗೆ ಮಾವ ಗಂಟುಮೂಟೆ ಕಟ್ಟಿ ತಂಗಿಯ ಮನೆ ಸೇರಿದರು. ಎಂಟು ತಿಂಗಳು ಅಲ್ಲೇ ಉಂಡರು. ಆ ನಡುವೆ ಒಂದು ಬೆಳಿಗ್ಗೆ ನನ್ನ ಗಂಡ ತೀರ್ಥೇಶ್ ಕೂಡ, “ಬುತ್ತಿ ಕಟ್ಟಬೇಡ, ಪೇಟೇಲೇ ತಿಂತೀನಿ ಬಿಡು” ಎಂದರು. ಮಾವ ನಾಯಿಗೆ ಹಾಕಿದಾಗ ಸಿಟ್ಟು ಬಂದಿತ್ತು. ಇದಕ್ಕೆ ಅಳು ಬಂತು.

ಚಂದ್ರಗುತ್ತಿಯಲ್ಲೂ ಮಾವ ಸುಧಾರಿಸಲಿಲ್ಲ. ಹೊಟ್ಟೆ ಉಬ್ಬಿ ವಾಂತಿ ಹತ್ತಿದಾಗ ತೀರ್ಥೇಶ್ ಶಿವಮೊಗ್ಗಕ್ಕೆ ಕರೆದೊಯ್ದರು. ಕೆಳಗಿಂದ ಕ್ಯಾಮೆರಾ ಹಾಕಿ ನೋಡಿದ ಡಾಕ್ಟರಮ್ಮ, ಇದು ಕ್ರೋನ್ಸ್ ಎಂಬ ಕರುಳಿನ ಕಾಯಿಲೆ ಇದ್ದಂತಿದೆ, ಕ್ಯಾಮೆರಾ ಒಂದು ಕಡೆಯಿಂದ ಮುಂದೆ ಹೋಗುತ್ತಿಲ್ಲ, ಸಣ್ಣ ಕರುಳು ಎಷ್ಟು ಹಾಳಾಗಿದೆ ಎಂದು ಎಂಆರ್‌ಐ ಮಾಡಿ ನೋಡೋಣ ಎಂದರು. ಕಾಯಿಲೆಯ ಹೆಸರು ಮಾವನ ಕಿವಿಗೆ ಬೀಳಲೇ ಇಲ್ಲ. ಕರುಳು ಪೂರ್ತಿ ಚಿತ್ರದಲ್ಲಿ ಬರುತ್ತದೆ ಎಂಬುದಷ್ಟೇ ಬಿತ್ತು. “ಹಂಗಾರೆ ಮದ್ದು ಎಲ್ಲಿ ಕುಂತೈತಿ ಅಂತ ಕಾಣ್ತದೆ. ಅವಳೂ ಬರ್ಲಿ. ಕಂಡ್ರೆ ಅಲ್ಲಿಂದ್ಲೇ ತವರಿಗೆ ಬಸ್ ಹತ್ಲಿ” ಎಂದರಂತೆ. ಗುಡ್ಡಮ್ಮತ್ತೆ ನೋಡಲೆಂದೇ ಬಂದರು. ನಾನೂ ಹೋದೆ, ಬ್ಯಾಗಿನಲ್ಲಿ ಎರಡು ಸೀರೆ ಇಟ್ಟುಕೊಂಡೇ ಹೋದೆ.

ಸ್ಕ್ಯಾನಿಂಗ್ ಸೆಂಟರಿನ ನರ್ಸ್ ದೊಡ್ಡ ಬಾಟಲಿಯಲ್ಲಿ ನೀರಿನಂಥ ಔಷಧ ತಂದಿಟ್ಟರು. ಮುಕ್ಕಾಲು ಗಂಟೆಯಲ್ಲಿ ಸ್ವಲ್ಪಸ್ವಲ್ಪವಾಗಿ ಅಷ್ಟನ್ನೂ ಕುಡಿಯಬೇಕಂತೆ, ಆಗಲೇ ಕರುಳು ಹಿಗ್ಗಿ ಚಿತ್ರ ಸರಿಯಾಗಿ ಬರುವುದಂತೆ. ಮಾವ ಮೂಸಿದರು, ಬೆಳಕಿಗೆ ಹಿಡಿದರು, ಒಂದು ಹನಿ ನಾಲಗೆಗೆ ಹಚ್ಚಿ ಉಗುಳಿದರು.

“ಸಿಹಿ ಐತಿ. ಯಾಕ್ ಸಿಹಿ ಐತಿ?” ಎಂದವರು ನನ್ನ ಕಡೆ ಗಲ್ಲ ಎತ್ತಿ, “ಮೊದ್ಲು ಅವಳು ಕುಡೀಲಿ” ಎಂದರು.

ಮದ್ದಿನ ಅನುಮಾನ ಬಂದ ಮನೆಯಲ್ಲಿ ಬಡಿಸಿದವಳೇ ಮೊದಲು ತಿಂದು ತೋರಿಸಬೇಕು, ಅದು ರೂಢಿ. ಆದರೆ ಆ ಬಾಟಲಿಯನ್ನು ನಾನು ಕಾಸಿದ್ದೆನೇ? ನರ್ಸ್ ಬೇಡ ಬೇಡ ಎನ್ನುತ್ತಿದ್ದಂತೆಯೇ ಸಿಟ್ಟಿನಲ್ಲಿ ದೊಡ್ಡ ಲೋಟದ ತುಂಬ ಬಗ್ಗಿಸಿಕೊಂಡು ಗಟಗಟ ಕುಡಿದೆ. ಮಾವ ಹತ್ತು ನಿಮಿಷ ನನ್ನ ಮುಖವನ್ನೇ ನೋಡುತ್ತ ಕಾದರು. ನಾನು ಸಾಯಲಿಲ್ಲ. ಆಮೇಲೆ ಕುಡಿದರು. ಅದು ಕರುಳಿನಲ್ಲಿ ನೀರು ನಿಲ್ಲಿಸುವ ಔಷಧವಂತೆ, ಕುಡಿದವರ ಹೊಟ್ಟೆ ಜಾಡಿಸುತ್ತದಂತೆ. ಅವರು ಮೆಷಿನ್ನಿನೊಳಗೆ ಮಲಗಿದ್ದಷ್ಟು ಹೊತ್ತೂ ನಾನು ಪಾಯಿಖಾನೆ ಬಿಟ್ಟು ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ.

ಮರುದಿನ ಡಾಕ್ಟರಮ್ಮ ನಮ್ಮನ್ನೆಲ್ಲ ಒಳಗೆ ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಚಿತ್ರ ತೆರೆದರು. ಕಪ್ಪು ಬಿಳುಪಿನಲ್ಲಿ ಮಾವನ ಕರುಳು ಸುತ್ತಿಕೊಂಡು ಮಲಗಿತ್ತು.

“ಎಲ್ಲೈತ್ರಿ?” ಎಂದರು ಮಾವ.

“ಏನು?”

“ಅದೇ… ಹಾಕಿದ್ದು.”

ಡಾಕ್ಟರಮ್ಮ ನಮ್ಮ ಕಡೆಯವರೇ ಇರಬೇಕು, ನಗಲಿಲ್ಲ. “ಯಾರೂ ಏನೂ ಹಾಕಿಲ್ಲ ಯಜಮಾನ್ರೇ. ನಿಮ್ಮ ಮೈಯೇ ನಿಮ್ಮ ಕರುಳನ್ನ ಶತ್ರು ಅಂದ್ಕೊಂಡು ಗಾಯ ಮಾಡ್ತಿದೆ” ಎಂದು ಪೆನ್ನಿನ ತುದಿ ಇಟ್ಟು ತೋರಿಸಿದರು. “ಈ ಜಾಗ ನೋಡಿ, ದಾರ ಬಿಗಿದ ಹಾಗೆ ಸಣ್ಣಗಾಗಿ ಗಟ್ಟಿಯಾಗಿದೆ. ಹಳೇ ಗಾಯದ ಕಲೆ ಇದು. ತಾರೀಕು ಹೇಳೋಕಾಗಲ್ಲ, ಆದ್ರೆ ಹೀಗಾಗೋಕೆ ವರ್ಷಗಟ್ಟಲೆ ಬೇಕು. ಮಾತ್ರೆಗೆ ಬಗ್ಗಲ್ಲ, ಆಪರೇಷನ್ ಮಾಡಬೇಕು. ಇಲ್ಲಿ ಊದ್ಕೊಂಡಿದೆಯಲ್ಲ, ಇದು ಹಸಿ, ಇತ್ತೀಚಿನದು. ಔಷಧದಲ್ಲಿ ಇಳಿಯುತ್ತೆ. ನೋವು ಶುರುವಾಗಿದ್ದು ಯಾವಾಗ?”

ಮಾವ ನೆಲ ನೋಡಿದರು. “ಎಂಟು ವರ್ಸ ಆತ್ರಿ. ನಾಗವೇಣಿಗೂ ಹೇಳಿರ್ಲಿಲ್ಲ.”

ಎಂಟು ವರ್ಷ! ಆಗ ನಾನು ಕಾಲೇಜಿನಲ್ಲಿದ್ದೆ, ಈ ಊರು ಯಾವ ದಿಕ್ಕಿಗಿದೆ ಎಂದೂ ಗೊತ್ತಿರಲಿಲ್ಲ. ತೀರ್ಥೇಶ್ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಲಿಲ್ಲ.

ಮಾವ ಬೆರಳು ಮಡಚಿ ಎಣಿಸುತ್ತಿದ್ದರು. ಹಳೆಯದು ಹೆಂಡತಿ ಬಡಿಸುತ್ತಿದ್ದ ಕಾಲದ್ದು. ಆಕೆಯ ಹೆಸರೆತ್ತಿದರೆ ಇವತ್ತಿಗೂ ಕಣ್ಣೊರೆಸಿಕೊಳ್ಳುವ ಮನುಷ್ಯ, ಅಲ್ಲಿ ಅನುಮಾನಕ್ಕೆ ಜಾಗವಿಲ್ಲ. ಹಸಿ ಗಾಯ ಇತ್ತೀಚಿನದು. ಇತ್ತೀಚೆಗೆ ಎಂಟು ತಿಂಗಳು ಉಂಡದ್ದು ಯಾರ ಮನೆಯಲ್ಲಿ? ಮಾವನ ಕುತ್ತಿಗೆ ನಿಧಾನವಾಗಿ ತಂಗಿಯ ಕಡೆ ತಿರುಗಿತು.

“ಎಂತಕ್ಕೆ ಹಂಗೆ ನೋಡ್ತೀಯ ಅಣ್ಣಾ?” ಎಂದರು ಗುಡ್ಡಮ್ಮತ್ತೆ. “ನನ್ನ ಕೈಯಾರೆ ಗಂಜಿ ಕಾಸಿ ಕುಡಿಸಿದೀನಲ್ಲೋ!”

ಮಾವ ಕುರ್ಚಿಯನ್ನು ಅವರಿಂದ ಒಂದು ಗೇಣು ಆಚೆ ಸರಿಸಿಕೊಂಡರು.

ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಈಗ ಗೊತ್ತಾಗಲಿ ಅಂದುಕೊಂಡೆ. ಆದರೆ ಗುಡ್ಡಮ್ಮತ್ತೆ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡತೊಡಗಿದರು, ಯಾರಾದರೂ ತನ್ನ ಪರ ಒಂದು ಮಾತಾಡುತ್ತಾರೇನೋ ಎಂದು. ಹಾಗೆ ಮುಖ ಮುಖ ನೋಡಿಯೇ ನಾನು ಒಂದು ವರ್ಷ ಕಳೆದಿದ್ದೆ. ಆ ಹೆಂಗಸನ್ನು ನಾನು ಕ್ಷಮಿಸಿಲ್ಲ, ಇವತ್ತಿಗೂ ಇಲ್ಲ. ಆದರೂ ಬಾಯಿ ಸುಮ್ಮನಿರಲಿಲ್ಲ.

“ಮಾವಾ, ಆ ಕಣ್ಣು ನಂಗೆ ಗೊತ್ತು” ಎಂದೆ. “ಗುಡ್ಡಮ್ಮತ್ತೆ ಮೇಲೆ ಅನುಮಾನ ಪಡಬೇಡಿ.”

ಮಾವ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಭಯ ಇತ್ತು.

“ಹಂಗಾರೆ ಯಾರ ಮ್ಯಾಲೆ ಪಡ್ಲಿ ಹೇಳವ್ವಾ?” ಎಂದು ಕೇಳಿದರು. ನಿಜವಾಗಿಯೂ ಕೇಳುತ್ತಿದ್ದರು.