ಹಸಿರು ಬಳೆಯ ಸಾಕೆಟ್ಟು

ಗದಗಿನ ಹತ್ತಿ ಬಿಡಿಸುವ ಜಿನ್ನಿನಲ್ಲಿ ಕಸ ಗುಡಿಸುತ್ತಲೇ ಕರೆಂಟಿನ ಕೆಲಸ ಕಲಿತವನು ಹಯವದನ. ಓದಿದ್ದು ನಾಲ್ಕನೆಯ ಇಯತ್ತೆ. ಮೂರು ಸಲ ಕರೆಂಟು ಹೊಡೆಸಿಕೊಂಡು ಬದುಕಿದ್ದೇ ಅವನ ಸರ್ಟಿಫಿಕೇಟು. ಸಾವಿರದ ಒಂಬೈನೂರ ಅರವತ್ತಾರರಲ್ಲಿ ಅಹಮದಾಬಾದಿಗೆ ಬಂದು ನರೋಡಾದ ಒಂದು ಬಣ್ಣದ ಕಾರ್ಖಾನೆ ಸೇರಿದ. ಮರುವರ್ಷ ಹೆಂಡತಿ ವೈದೇಹಿಯ ತಮ್ಮ ಭೀಮಸೇನನನ್ನೂ ಫಿಟ್ಟರ್ ಕೆಲಸಕ್ಕೆ ಕರೆಸಿಕೊಂಡ. ಭೀಮಸೇನ ಮೂರು ಮಕ್ಕಳ ತಂದೆ.

ಹಯವದನನ ಹೆಮ್ಮೆ ಎಂದರೆ ಅವನೇ ಕಟ್ಟಿದ ವಿದ್ಯುತ್ ಪೆಟ್ಟಿಗೆ. ಮೋಟಾರಿಗೆ ನಾನೂರು ವೋಲ್ಟು, ಡ್ರಿಲ್ಲಿಗೆ ಇನ್ನೂರ ಮೂವತ್ತು, ಟ್ಯಾಂಕಿನೊಳಗೆ ಇಳಿಯುವವರ ಕೈದೀಪಕ್ಕೆ ಬರೀ ಇಪ್ಪತ್ನಾಲ್ಕು. ಮೂರನ್ನೂ ಒಂದೇ ಕಬ್ಬಿಣದ ಪೆಟ್ಟಿಗೆಯಲ್ಲಿ ಕೂರಿಸಿದ್ದ. ಕೆಳಗೆ ಅವಳಿ ಮಕ್ಕಳಂಥ ಎರಡು ಸಾಕೆಟ್ಟು. ಡ್ರಿಲ್ಲಿನದಕ್ಕೆ ಸುತ್ತ ಕೆಂಪು ಬಳೆ ಬರೆದಿದ್ದ, ಕೈದೀಪದ್ದಕ್ಕೆ ಹಸಿರು. ಕೈದೀಪದ ಹಿಡಿ ಕಬ್ಬಿಣದ ಕೊಳವೆ. ಇಪ್ಪತ್ನಾಲ್ಕು ವೋಲ್ಟಿಗೆ ಇರುವೆಯೂ ಸಾಯುವುದಿಲ್ಲವೆಂದು ಒಂದು ತಂತಿಯನ್ನು ಆ ಕೊಳವೆಗೇ ಬಿಗಿದಿದ್ದ.

ಇಂಜಿನಿಯರ್ ಜನಾರ್ದನಭಾಯಿ ಒಮ್ಮೆ ತಲೆ ಕೆರೆದುಕೊಂಡ. “ಹುಲಿ, ಬೆಕ್ಕು ಒಂದೇ ಗೂಡಿನಲ್ಲೇ? ಸಣ್ಣದಕ್ಕೆ ಬೇರೆ ಪೆಟ್ಟಿಗೆ ಮಾಡಪ್ಪ. ಬೇರೆ ಆಕಾರದ ಸಾಕೆಟ್ಟು ಹಾಕು.”

“ಬಣ್ಣ ಕಾಣಸೂದಿಲ್ಲೇನ್ರಿ ಸಾಹೇಬ್ರ? ಕುರುಡ್ರಿಗೆ ಕೆಲಸ ಕೊಟ್ಟೀರೇನು?” ಎಂದು ಹಯವದನ ನಕ್ಕುಬಿಟ್ಟ.

ಆ ವರ್ಷ ದೀಪಾವಳಿಗೆ ಕಾರ್ಖಾನೆ ಮುಚ್ಚಿತು. ಗುಜರಾತಿಗಳು ಮತ್ತೆ ವ್ಯಾಪಾರ ಶುರುಮಾಡುವ ಲಾಭಪಂಚಮಿಯ ದಿನ ಬಾಗಿಲು ತೆರೆದಾಗ ಗೋಡೆ, ಯಂತ್ರ, ಪೆಟ್ಟಿಗೆ ಎಲ್ಲ ಹೊಸ ಬಣ್ಣದಲ್ಲಿ ಮಿಂಚುತ್ತಿದ್ದವು. ಮೊದಲ ಕೆಲಸವೇ ಟ್ಯಾಂಕಿನದು. ಒಳಗೆ ಬಣ್ಣ ಕಡೆಯುವ ರೆಕ್ಕೆ ಸಡಿಲಾಗಿತ್ತು. ಭೀಮಸೇನ ಟ್ಯಾಂಕಿನ ಬಾಯಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ. ಕೆಳಗೆ ಮೊಣಕಾಲುದ್ದ ನೀರು. ಪಕ್ಕದ ಮರದ ಏಣಿಗೆ ಕೈದೀಪ ನೇತಾಡುತ್ತಿತ್ತು.

ಹಯವದನ ಪ್ಲಗ್ಗು ಹಿಡಿದ. ಕಣ್ಣು ಹಸಿರನ್ನು ಹುಡುಕಿತು, ಕೈ ಹಿಂಬಾಲಿಸಿತು. ಎಡವೋ ಬಲವೋ ಎಂದು ಅವನು ಎಂದೂ ನೋಡಿದವನಲ್ಲ. ಸ್ವಿಚ್ಚು ಒತ್ತುವ ಮುಂಚೆ, “ಏನೋ ಭೀಮಾ, ಇವತ್ತೂ ಬಲ್ಬಿಗೆ ನಮಸ್ಕಾರ ಆಗಬೇಕೇನು?” ಎಂದ.

“ದೀಪ ದೀಪಾನೇ ಅಲ್ಲೇನ್ ಭಾವ? ಹಚ್ಚು ನೀ,” ಎಂದು ಭೀಮಸೇನ ಎರಡೂ ಕೈ ಜೋಡಿಸಿದ.

ಬಿಳಿ ಮಿಂಚು. ಢಬ್ ಎಂದು ಬಲ್ಬು ಸಿಡಿದು ಗಾಜು ಉದುರಿತು.

“ಸುಟ್ಟು ಹೋತಲ್ಲೋ ಭಾವ! ಬ್ಯಾರೆ ಬಲ್ಬು ತಾ,” ಎನ್ನುತ್ತ ಭೀಮಸೇನ ಜೋಡಿಸಿದ ಕೈ ಬಿಡಿಸಿ ಕೊಳವೆಯ ಕಡೆ ಚಾಚಿದ.

ಇಪ್ಪತ್ನಾಲ್ಕು ವೋಲ್ಟು ಹಾಗೆ ಸಿಡಿಯುವುದಿಲ್ಲ. ಹಯವದನ “ಮುಟ್ಟಬ್ಯಾಡೋ!” ಎಂದು ಚೀರಿ ಮೇನ್ ಸ್ವಿಚ್ಚನ್ನೇ ಜಗ್ಗಿದ. ಶೆಡ್ಡಿನ ಮೋಟಾರುಗಳೆಲ್ಲ ನಿಟ್ಟುಸಿರು ಬಿಟ್ಟು ನಿಂತವು. ಭೀಮಸೇನನ ಬೆರಳು ಕೊಳವೆಗೆ ಗೇಣಿನಷ್ಟೇ ದೂರದಲ್ಲಿ ಹಾಗೇ ನಿಂತಿತ್ತು.

ಅವನನ್ನು ದೂರ ಸರಿಸಿ, ಮೇನ್ ಏರಿಸಿ, ಹಯವದನ ಟೆಸ್ಟರನ್ನು ಕೊಳವೆಗೆ ತಾಗಿಸಿದ. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ಕೆಂಡ ಹೊತ್ತಿತು. ಇಪ್ಪತ್ನಾಲ್ಕಕ್ಕೆ ಅದು ಹೊತ್ತುವುದೇ ಇಲ್ಲ. ರಜೆಯಲ್ಲಿ ಪೆಟ್ಟಿಗೆಗೆ ಬಣ್ಣ ಬಳಿದವನು ಬಳೆಗಳನ್ನು ಹಬ್ಬದ ಚಿತ್ತಾರವೆಂದುಕೊಂಡಿದ್ದ. ಹಳೆಯದನ್ನು ಅಳಿಸಿ, ಅಷ್ಟೇ ಚೆಂದವಾಗಿ ಮತ್ತೆ ಬರೆದಿದ್ದ. ಕೆಂಪು ಇದ್ದಲ್ಲಿ ಹಸಿರು, ಹಸಿರು ಇದ್ದಲ್ಲಿ ಕೆಂಪು.

ಹಯವದನ ಪೆಟ್ಟಿಗೆಯ ಮುಂದೆ ಕೂತು ಎರಡೂ ಸಾಕೆಟ್ಟನ್ನು ನೋಡಿದ. ಬಣ್ಣದವನನ್ನು ಬೈಯಲು ಬಾಯಿ ತೆರೆದ. ಆದರೆ ಒಂದೇ ಮೋರೆಯ ಎರಡು ಬಾಯಿ ಮಾಡಿದವನು ಯಾರು? ಕೊಳವೆಗೆ ತಂತಿ ಬಿಗಿದವನು ಯಾರು? ಸಂಜೆ ವೈದೇಹಿ ಬಾಗಿಲು ತೆಗೆದಾಗ ಏನು ಹೇಳುತ್ತಿದ್ದೆ?

ಎದ್ದವನೇ ಜನಾರ್ದನಭಾಯಿಯ ಮುಂದೆ ಹೋಗಿ ನಿಂತ. “ಸಾಹೇಬ್ರ, ಕುರುಡ ನಾನಽ,” ಎಂದ.

ವಾರದೊಳಗೆ ಇಪ್ಪತ್ನಾಲ್ಕು ವೋಲ್ಟು ಎದುರು ಗೋಡೆಯ ಬೇರೆ ಪೆಟ್ಟಿಗೆಗೆ ಹೋಯಿತು. ಸಾಕೆಟ್ಟೂ ಪ್ಲಗ್ಗೂ ಬೇರೆ ಆಕಾರದವು, ಕೈದೀಪಕ್ಕೆ ಮರದ ಹಿಡಿ. ಮುಗಿದ ಮೇಲೆ ಎಲ್ಲೆಡೆ ಕರೆಂಟು ತೆಗೆದು, ಹೆಗಲಿನ ಟವೆಲನ್ನು ಭೀಮಸೇನನ ಕೈಗೆ ಕೊಟ್ಟ. “ಕಣ್ಣಿಗೆ ಕಟ್ಟೋ. ಬಿಗಿಯಾಗಿ.”

ಕುರುಡನಂತೆ ತಡವಿಕೊಂಡು ಹಳೆಯ ಪೆಟ್ಟಿಗೆಯ ಮುಂದೆ ನಿಂತು ಕೈದೀಪದ ಪ್ಲಗ್ಗನ್ನು ಡ್ರಿಲ್ಲಿನ ಸಾಕೆಟ್ಟಿಗೆ ಒತ್ತಿದ. ಹೋಗಲಿಲ್ಲ. ತಿರುಗಿಸಿ ಒತ್ತಿದ. ಹೋಗಲಿಲ್ಲ. ಬೆವರು ಇಳಿಯುವ ತನಕ ಒತ್ತಿದ.

“ಸಾಕು ಬಿಡೋ ಭಾವ, ಹೋಗೂದಿಲ್ಲದು,” ಎಂದ ಭೀಮಸೇನ.

“ಇನ್ನೊಮ್ಮೆ,” ಎಂದ ಹಯವದನ.